ಬೇಲಿಯೊಳಗೆ ಸಿಕ್ಕಿದ ನಂದಿಬಟ್ಟಲು

ಶಿಕಾರಿಪುರದಲ್ಲಿ ನಾವು ಸೈಟು ಕೊಂಡಾಗ ಅದರ ಪೂರ್ವದ ಅಂಚಿನಲ್ಲಿ ಎರಡು ನಂದಿಬಟ್ಟಲು, ಒಂದು ಬಿಳಿ ದಾಸವಾಳ, ಒಂದು ಕಣಗಿಲೆ ಸಾಲಾಗಿ ನಿಂತಿದ್ದವು. ನೆಟ್ಟವರು ಪಕ್ಕದ ಮನೆಯ ಅಮ್ಮ. ಸೈಟು ಬಹಳ ಕಾಲ ಖಾಲಿ ಬಿದ್ದಿತ್ತು. ಅವರ ಗೋಡೆಗೂ ಗಡಿಗೂ ನಡುವೆ ಒಬ್ಬರು ಓರೆಯಾಗಿ ನಡೆಯುವಷ್ಟು ಸಂದಿ ಬಿಟ್ಟರೆ ಗಿಡಕ್ಕೆ ಜಾಗವಿರಲಿಲ್ಲ, ಹಾಗಾಗಿ ಗಡಿಯ ಈ ಕಡೆ ನೆಟ್ಟಿದ್ದರು. ದಿನಾ ಬೆಳಗಾಗುತ್ತಲೇ ಪಕ್ಕದ ಬಾಗಿಲಿನಿಂದ ಹೊರಬಂದು, ಸಂದಿ ದಾಟಿ, ಕೊಕ್ಕೆಕೋಲಿನಿಂದ ಕೊಂಬೆ ಬಗ್ಗಿಸಿ ಪೂಜೆಗೆ ಹೂ ಕೊಯ್ಯುತ್ತಿದ್ದರು. ನಾವು ಮನೆ ಕಟ್ಟಿಸುವಾಗ ಜಲ್ಲಿಯ ರಾಶಿ ಹತ್ತಿ ಇಳಿದಾದರೂ ಕೊಯ್ದರು. ಗೃಹಪ್ರವೇಶದ ದಿನ ನಮ್ಮ ದೇವರಿಗೂ ಅವರೇ ಹೂ ಕೊಟ್ಟರೆಂದು ನನ್ನ ನೆನಪು. ಅಲ್ಲ, ಅದು ಪೇಟೆಯಿಂದ ತಂದ ಸೇವಂತಿಗೆ ಎನ್ನುತ್ತಾಳೆ ಹೆಂಡತಿ.

ಇಷ್ಟೆಲ್ಲ ಕಣ್ಣೆದುರಿಗಿದ್ದೂ ನಾನು ಹಾಕಿಸಿದ ಬೇಲಿ ಆ ನಾಲ್ಕು ಗಿಡಗಳನ್ನು ಒಳಗೆ ಹಾಕಿಕೊಂಡಿತು. ಅವರು ಬರುವುದು ನಿಂತಿತು. ಅವರು ಮತ್ತೆ ಬರುತ್ತಾರೋ ಇಲ್ಲವೋ ಎಂಬುದು ಕಳೆದ ವರ್ಷ ಕೆಲವು ವಾರ ನನ್ನನ್ನು ಒಂದು ಕಡೆ ಕೂರಲು ಬಿಡಲಿಲ್ಲ. ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆಂದು ನಂಬಿದ್ದೇನೆ. ಆದರೆ ನನ್ನ ನಂಬಿಕೆಯ ಬೆಲೆ ಎಷ್ಟೆಂಬುದು ಈ ಪ್ರಸಂಗದಲ್ಲೇ ಗೊತ್ತಾಯಿತು.

ನಮ್ಮ ಬಡಾವಣೆಯಲ್ಲಿ ಹೆಚ್ಚಿನವರದ್ದು ಆಳೆತ್ತರದ ಕಾಂಪೌಂಡು. ಮೇಲೆ ಗಾಜಿನ ಚೂರು. ನನಗೆ ಅದು ಬೇಡವಾಗಿತ್ತು. ಸೊಂಟದೆತ್ತರದ ಮರದ ಬೇಲಿ, ಅದರ ಹಿಂದೆ ಬಂದವರು ಕೂರಬಹುದಾದ ತೋಟ ಬೇಕಿತ್ತು. ಇದಕ್ಕೆ ಮಾದರಿ ನನ್ನ ತಲೆಯಲ್ಲಿತ್ತು. ನಾನು ಹುಟ್ಟಿದ್ದು ಸೊರಬದ ಕಡೆಯ ಉಳವಿಯಲ್ಲಿ. ನಮ್ಮ ಮನೆಯ ಮುಂದೆ ಮರದ ಗೂಟಗಳ ಬೇಲಿ, ಅದರ ಕೊನೆಗೆ ಉಣಗೋಲು, ಅಂದರೆ ಎರಡು ಕಂಬಗಳ ತೂತಿನಲ್ಲಿ ಅಡ್ಡಕೋಲು ಸರಿಸಿ ದಾರಿ ಮಾಡುವ ಹಳೆಯ ಕಾಲದ ಗೇಟು. ಬೆಳಿಗ್ಗೆ ನನ್ನ ಅಮ್ಮ ಅದರ ಕೋಲುಗಳನ್ನು ಸರಿಸಿಡುತ್ತಿದ್ದಳು. ಯಾರೋ ಹೆಂಗಸು ಬಂದು ಹೂ ಕೊಯ್ದು ಹೋಗುತ್ತಿದ್ದಳು. ಇಬ್ಬನಿಗೆ ಒದ್ದೆಯಾದ ಆ ಕೋಲುಗಳು ಕೈಗೆ ಜಾರುತ್ತಿದ್ದದ್ದು ಕೂಡ ನನಗೆ ನೆನಪಿತ್ತು.

ಆ ನೆನಪನ್ನೇ ಹಾಳೆಯ ಮೇಲೆ ಗೀಚಿದೆ. ರಸ್ತೆಯಿಂದ ಬಾಗಿಲಿಗೆ ನೆಟ್ಟಗಲ್ಲದ, ಸ್ವಲ್ಪ ಬಳಸಿ ಬರುವ ಕಲ್ಲುಚಪ್ಪಡಿಯ ದಾರಿ. ದಾರಿಯ ಪಕ್ಕದಲ್ಲಿ ಸೀರೆ ಪಂಚೆಗೆ ಸಿಕ್ಕುವ ಮುಳ್ಳಿನ ಗಿಡ ಒಂದೂ ಇಲ್ಲ. ಬಾಗಿಲ ಬಳಿ ಅಬ್ಬಲಿಗೆಯ ಮಡಿ, ಕಂಬಕ್ಕೆ ಮಲ್ಲಿಗೆ ಬಳ್ಳಿ, ಬೆಳಗಿನ ಬಿಸಿಲು ಬೀಳುವಲ್ಲಿ ಒಂದು ಬೆಂಚು. ಪೂರ್ವಕ್ಕೆ, ಪಕ್ಕದ ಮನೆಯ ಬಾಗಿಲಿಗೆ ಎದುರಾಗಿ, ಒಂದು ಚಿಕ್ಕ ಗೇಟು. ಅದು ಆ ಅಮ್ಮನಿಗೆಂದೇ. ಬೀಗವಿಲ್ಲ, ಬರೀ ಒಂದು ಮರದ ಅಗುಳಿ. ಇಡೀ ತೋಟದಲ್ಲಿ ನನಗೆ ಹೆಚ್ಚು ಹೆಮ್ಮೆ ತಂದದ್ದು ಆ ಗೇಟೇ.

ಹೆಂಡತಿ ಒಂದು ಪಟ್ಟು ಹಿಡಿದಳು. ಬೇಲಿ ಏನೇ ಇರಲಿ, ಮೊದಲು ಹದ್ದುಬಸ್ತು ಆಗಬೇಕು. ಸರ್ವೆಯವರು ಬಂದು ಚೈನು ಎಳೆದು ಗಡಿಯ ಕಲ್ಲು ನೆಟ್ಟರು. ಗಿಡಗಳು ನಮ್ಮ ಕಡೆಗೆ ಒಂದೂವರೆ ಅಡಿ ಒಳಗಿದ್ದವು. ಪಕ್ಕದ ಮನೆಯ ಅಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರ ತವರು ಉಡುತಡಿ, ಮಾತು ಆ ಕಡೆಯದು.

"ನಿಮ್ಮ ಜಾಗ, ನೀವು ಹಾಕ್ಕಳ್ರಿ ಮೇಷ್ಟ್ರೇ. ಗಿಡ ಬೇಕಾದ್ರ ಇಟ್ಕಳ್ರಿ, ಬ್ಯಾಡಾದ್ರ ಕಡಸ್ರಿ" ಎಂದರು.

ಗಿಡ ನಿಮ್ಮವೇ, ನಿಮಗಂತಲೇ ಗೇಟು ಇಡಿಸುತ್ತಿದ್ದೇನೆ ಎಂದು ಹೇಳಿದೆ. ಅವರು ನಕ್ಕರು. ಆ ನಗೆಯನ್ನು ನಾನು ಒಪ್ಪಿಗೆ ಎಂದುಕೊಂಡೆ.

ಬಡಗಿ ಅಂಬ್ಲಿಗೊಳದ ಕಡೆಯಿಂದ ಅಕೇಶಿಯಾ ಕಂಬಗಳನ್ನು ತಂದ. ಗೆದ್ದಲು ಹತ್ತದಂತೆ ಬುಡಕ್ಕೆ ಡಾಂಬರು ಬಳಿದು ಬಿಸಿಲಿಗೆ ಒರಗಿಸಿದ. ಪಟ್ಟಿಗಳ ನಡುವೆ ಅಂಗೈ ಹೋಗುವಷ್ಟು ಸಂದು ಬಿಡು ಎಂದಾಗ ನನ್ನ ಚಿತ್ರವನ್ನೂ ನನ್ನನ್ನೂ ಒಂದೊಂದು ಸಲ ನೋಡಿದ.

"ಇದು ದನಾನೂ ತಡಿಯಲ್ಲ, ಕಳ್ಳನ್ನೂ ತಡಿಯಲ್ಲ. ಯಾರನ್ನ ತಡಿಯಾಕೆ ಹಾಕಿಸ್ತೀರಿ ಸಾರ್?"

ತಡೆಯುವುದಕ್ಕಲ್ಲ, ಬನ್ನಿ ಎಂದು ಕರೆಯುವುದಕ್ಕೆ ಎಂದೆ.

"ಕರಿಯಾಕೆ ಬೇಲಿ ಯಾಕ್ರೀ, ಬಾಯಿ ಐತಲ್ಲ" ಎಂದು ಗುಂಡಿ ತೋಡತೊಡಗಿದ.

ಬೇಲಿ ಆಯಿತು. ಬಡಾವಣೆಯವರು ನಿಂತು ನೋಡಿದರು, ಕೆಲವರು ಒಳಗೆ ಬಂದು ಬೆಂಚಿನ ಮೇಲೆ ಕೂತು ಕಾಫಿ ಕುಡಿದರು. ಪಕ್ಕದ ಮನೆಯ ಅಮ್ಮ ಮಾತ್ರ ಬರಲಿಲ್ಲ. ಮೊದಲ ಬೆಳಿಗ್ಗೆ ಊರಿಗೆ ಹೋಗಿರಬಹುದು ಅಂದುಕೊಂಡೆ. ಎರಡನೆಯ ಬೆಳಿಗ್ಗೆ ಅವರ ಮನೆಯಲ್ಲಿ ಗಂಟೆಯ ಸದ್ದು ಕೇಳಿತು. ಪೂಜೆ ನಡೆಯುತ್ತಿತ್ತು, ಹೂ ಎಲ್ಲಿಂದ? ನಂದಿಬಟ್ಟಲಿನ ಬುಡ ಉದುರಿದ ಹೂವಿನಿಂದ ಬೆಳ್ಳಗಾಗಿತ್ತು.

ಗೇಟಿನಲ್ಲೇ ಏನೋ ದೋಷವಿರಬೇಕೆಂದು ಅಗುಳಿಗೆ ಎಣ್ಣೆ ಬಿಟ್ಟೆ. ಅದು ಬಿಗಿಯಾಗಿದೆ ಎನಿಸಿ ಉಜ್ಜಿ ಸಣ್ಣದು ಮಾಡಿದೆ. ಗೇಟಿನ ಮೆಟ್ಟಿಲು ಎತ್ತರವಾಯಿತೇನೋ ಎಂದು ಇಟ್ಟಿಗೆ ಇಟ್ಟೆ, ಎಡವುತ್ತಾರೇನೋ ಎಂದು ತೆಗೆದೆ. ಕೊನೆಗೆ ಗೇಟನ್ನು ಬೆಳಗಿನ ಹೊತ್ತು ತೆರೆದೇ ಇಟ್ಟು ಕಿಟಕಿಯ ಬಳಿ ನಿಂತೆ. ಅವರು ಬಾಗಿಲು ತೆರೆದರು, ತೆರೆದ ಗೇಟು ನೋಡಿದರು, ಬಾಗಿಲು ಹಾಕಿಕೊಂಡರು. ಅದೇ ವಾರ ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಅವರು ಬಿಡಿಹೂ ಕೊಂಡು ಎಲೆಯಲ್ಲಿ ಕಟ್ಟಿಸಿಕೊಳ್ಳುವುದನ್ನು ಕಂಡೆ. ನನ್ನನ್ನು ನೋಡಿ ಸೆರಗಿನಡಿ ಮುಚ್ಚಿದರೆಂದು ಆಗ ಅನಿಸಿತು. ಸುಮ್ಮನೆ ಸೆರಗು ಸರಿಮಾಡಿಕೊಂಡಿರಲೂಬಹುದು.

ಮಾರನೆಯ ದಿನ ನಾನೇ ಹೂ ಕೊಯ್ದು ಬಟ್ಟಲಲ್ಲಿ ತೆಗೆದುಕೊಂಡು ಹೋದೆ. ಎರಡೂ ಕೈಯಲ್ಲಿ ತಗೊಂಡರು. ಮತ್ತೊಂದು ದಿನವೂ ಕೊಟ್ಟೆ. ಮೂರನೆಯ ದಿನ ಬಟ್ಟಲನ್ನು ಮುಟ್ಟಲಿಲ್ಲ.

"ನಾಳಿಂದ ತರಬ್ಯಾಡ್ರಿ. ನೀವು ಕೊಯ್ದು ಕೊಟ್ರ ಪೂಜಿ ನಿಮ್ದಾಕ್ಕತಿ. ನಂದು ಬರೇ ಏರ್ಸಾದು."

ಹಾಗಾದರೆ ನೀವೇ ಬನ್ನಿ, ಗೇಟಿಗೆ ಬೀಗವಿಲ್ಲ ಎಂದೆ.

"ಬೀಗ ಇಲ್ಲ ಅಂತ ಗೊತ್ತೈತ್ರಿ. ಒಬ್ರ ಮನಿ ಗೇಟು ತೆಗೆದು ಒಳಗ ಹೋಗಿ ಹೂ ಕೊಯ್ದ್ರ ಅದಕ್ಕ ಬ್ಯಾರೆ ಹೆಸರೈತಿ."

ಕೋಪದಿಂದ ಹೇಳಲಿಲ್ಲ. ಒಳಗೆ ಕರೆದು ಚಹಾ ಕೊಟ್ಟರು, ಮಗನ ವರ್ಗಾವಣೆಯ ಮಾತಾಡಿದರು. ನಾನು ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ.

ಉಳವಿಯಲ್ಲಿ ಕೆಲಸ ಮಾಡಿದ ಬೇಲಿ ಇಲ್ಲಿ ಯಾಕೆ ಮಾಡುವುದಿಲ್ಲ? ಅದರಲ್ಲಿ ನಾನು ಮರೆತಿರುವ ಏನೋ ಒಂದು ಇರಬೇಕು. ಭಾನುವಾರ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಬಸ್ಸು ಹಿಡಿದೆ. ಅಲ್ಲಿ ನನ್ನ ಅಕ್ಕ ಇದ್ದಾಳೆ. ನನಗಿಂತ ಹತ್ತು ವರ್ಷ ದೊಡ್ಡವಳು. ಉಣಗೋಲಿನ ಕಂಬಗಳ ನಡುವೆ ಎಷ್ಟು ಅಂತರವಿತ್ತು, ಅಮ್ಮ ಕೋಲುಗಳನ್ನು ಪೂರ್ತಿ ತೆಗೆದಿಡುತ್ತಿದ್ದಳೋ ಅರ್ಧ ಸರಿಸುತ್ತಿದ್ದಳೋ ಎಂದು ಕೇಳಿದೆ. ಅವಳು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು.

"ಎಂತಾ ಬೇಲಿ ಮಾರಾಯ? ನಮಗೆ ಬೇಲಿ ಎಲ್ಲಿತ್ತು?"

ನಾವಿದ್ದದ್ದು ಎರಡು ಕೋಣೆಯ ಬಾಡಿಗೆ ಮನೆ, ಬಾಗಿಲು ತೆಗೆದರೆ ರಸ್ತೆ ಎಂದಳು. ಬೇಲಿ, ತೋಟ, ಹೂವು ಎಲ್ಲ ಆ ಮನೆಯ ಯಜಮಾನರದ್ದು, ಅವರು ಎದುರಿಗೇ ಇದ್ದರು. ಬೆಳಿಗ್ಗೆ ಹೂವಿಗೆ ಹೋಗುತ್ತಿದ್ದವಳು ಅಮ್ಮನೇ. ಬೇಲಿ ಒಂದು ಕಡೆ ಮುಗಿಯದೆ ಹಾಗೇ ಬಿಟ್ಟಿತ್ತು, ಅಲ್ಲಿಂದ ಒಳಗೆ ಹೋಗುವುದು. ಅವಳ ಹಿಂದೆ ಚಿಕ್ಕವನಾದ ನಾನು. ಆಮೇಲೆ ದನ ನುಗ್ಗುತ್ತವೆಂದು ಯಜಮಾನರು ಆ ಜಾಗಕ್ಕೆ ಉಣಗೋಲು ಹಾಕಿಸಿದರಂತೆ. ಅಂದಿನಿಂದ ಅಮ್ಮ ಹೋಗಲಿಲ್ಲವಂತೆ. ಡಾಲ್ಡಾ ಡಬ್ಬಿಯಲ್ಲಿ ಒಂದು ದಾಸವಾಳದ ಕಡ್ಡಿ ನೆಟ್ಟಳಂತೆ, ಅದು ಬದುಕಲಿಲ್ಲವಂತೆ.

ಯಜಮಾನರ ಮನೆಯವರು ಕರೆಯಲಿಲ್ಲವೇ ಎಂದು ಕೇಳಿದೆ.

"ಕರೆದ್ರು, ಪಾಪ ಒಳ್ಳೆಯೋರು. ಕರೆದ ಮೇಲೆ ಹೋಗದು ಹ್ಯಾಂಗೆ? ಕರೆಯಕ್ಕೆ ಮುಂಚೆ ಹೋಗ್ತಿದ್ದದ್ದು ನಾವು."

ಇದನ್ನು ನಾನು ಸುಲಭಕ್ಕೆ ಒಪ್ಪಲಿಲ್ಲ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವನು ನಾನು. ಒಬ್ಬರ ಬಾಯಿಮಾತನ್ನು ಇನ್ನೊಂದರಿಂದ ತಾಳೆ ನೋಡದೆ ಇಟ್ಟುಕೊಳ್ಳಬೇಡಿ ಎಂದು ವರ್ಷ ವರ್ಷವೂ ಹೇಳುತ್ತೇನೆ. ಭಾವನನ್ನು ಕೇಳಿದರೆ, ನಿಮ್ಮಕ್ಕ ನಮ್ಮ ಮದುವೆಯಲ್ಲಿ ಮಳೆ ಬಂತು ಅಂತಾಳೆ, ಬಂದಿರಲಿಲ್ಲ ಎಂದು ನಕ್ಕರು. ಮಧ್ಯಾಹ್ನ ಲೋಕಲ್ ಬಸ್ಸಿನಲ್ಲಿ ಉಳವಿಗೇ ಹೋದೆ. ನಮ್ಮ ಮನೆಯಿದ್ದ ಜಾಗವೆಂದು ನಾನು ಗುರುತಿಸಿದಲ್ಲಿ ಸಿಮೆಂಟ್ ಇಟ್ಟಿಗೆ ಮಾಡುವ ಅಂಗಳವಿತ್ತು. ಎದುರಿನ ತೋಟದ ಕಡೆ ಹೊಸ ಮನೆ, ಎತ್ತರದ ಗೋಡೆ. ಇಟ್ಟಿಗೆಯ ಮಾಲೀಕನಿಗೆ ಏನೂ ಗೊತ್ತಿರಲಿಲ್ಲ. ಅವನು ಆ ಜಾಗ ಕೊಂಡದ್ದೇ ಈಚೆಗೆ. ಉಣಗೋಲಿನ ಕಂಬ ಹೋಗಲಿ, ಕಂಬ ಇದ್ದ ಗುಂಡಿಯೂ ಇರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸಿದೆ. ಒದ್ದೆ ಕೋಲು ಕೈಗೆ ಜಾರಿದ್ದು ನಿಜವೇ ಇರಬಹುದು. ಆದರೆ ಯಾವ ಕಡೆಯಿಂದ ಹಿಡಿದಿದ್ದೆ? ಒಳಗೆ ನಿಂತು ತೆಗೆದೆನೋ, ಹೊರಗೆ ನಿಂತು ಮುಟ್ಟಿ ನೋಡಿ ಕೈ ಬಿಟ್ಟೆನೋ? ಕೈಗೆ ಅದು ಗೊತ್ತಿಲ್ಲ. ಓದು ಮುಗಿಸಿ, ಸಂಬಳ ಬಂದು, ಸೈಟು ಕೊಂಡ ಮೇಲೆ ಯಾವಾಗಲೋ ನಾನು ಆ ಚಿತ್ರದಲ್ಲಿ ಅಮ್ಮನನ್ನು ಬೇಲಿಯ ಒಳಗೆ ತಂದು ನಿಲ್ಲಿಸಿರಬೇಕು. ಅಕ್ಕನ ಮಾತೂ ತಪ್ಪಿರಬಹುದು. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸಲು ನನ್ನ ಬಳಿ ಈಗಲೂ ಏನೂ ಇಲ್ಲ. ಆದರೆ ಪಕ್ಕದ ಮನೆಯ ಅಮ್ಮ ಹೂ ಕೊಂಡು ತರುತ್ತಿದ್ದದ್ದು ನೆನಪಲ್ಲ, ಆ ವಾರದ ಸಂಗತಿ. ಅವರನ್ನು ನಾನು ಎಷ್ಟೆಷ್ಟು ಕರೆದೆನೋ ಅಷ್ಟಷ್ಟು ಅತಿಥಿ ಮಾಡಿಬಿಟ್ಟೆ. ಅವರು ಯಾವತ್ತೂ ನಮ್ಮ ಅತಿಥಿ ಆಗಿರಲಿಲ್ಲ. ನಾವು ಬರುವ ಮೊದಲೇ ಅಲ್ಲಿದ್ದವರು.

ಬಡಗಿಯನ್ನು ಮತ್ತೆ ಕರೆಸಿದೆ. ಪೂರ್ವದ ಬೇಲಿಯನ್ನು ಕಿತ್ತು ಗಿಡಗಳಿಂದ ಈಚೆಗೆ, ಎರಡೂವರೆ ಅಡಿ ಒಳಗೆ ಹಾಕು, ಗೇಟು ಬೇಡ, ಅಲ್ಲಿಗೂ ಪಟ್ಟಿ ಹೊಡೆ ಎಂದೆ. ಈ ಸಲ ಅವನು ತಮಾಷೆ ಮಾಡಲಿಲ್ಲ, ನನಗೆ ಮೈ ಸರಿಯಿಲ್ಲವೇನೋ ಎಂಬಂತೆ ಮೆತ್ತಗೆ ಮಾತಾಡಿದ. ಹೆಂಡತಿ ಮೆತ್ತಗಾಗಲಿಲ್ಲ.

"ಹದ್ದುಬಸ್ತು ಮಾಡ್ಸಿದ್ದು ಯಾಕ್ರೀ ಹಾಗಾದ್ರೆ? ನಾಳೆ ಅವ್ರ ಮಗ ಬಂದು ಇದು ನಮ್ದೇ ಜಾಗ ಅಂದ್ರೆ?"

ಗಡಿಯ ಕಲ್ಲು ಇದೆಯಲ್ಲ ಎಂದೆ. ಕಲ್ಲು ಯಾರು ಬೇಕಾದರೂ ಕೀಳಬಹುದು ಎಂದಳು. ಅವಳ ಮಾತು ಸರಿ. ಆ ಮಗ ಎಂಥವನೋ ನಮಗೆ ಗೊತ್ತಿಲ್ಲ. ಬಹಳ ಹೊತ್ತು ವಾದ ಮಾಡಿದ ಮೇಲೆ ಅವಳೇ ಮೊಬೈಲು ಹಿಡಿದು ಹೊರಗೆ ಹೋಗಿ ಕಲ್ಲು, ಗಿಡ, ನಮ್ಮ ಗೋಡೆ ಮೂರೂ ಬರುವಂತೆ ನಾಲ್ಕು ದಿಕ್ಕಿನಿಂದ ಫೋಟೊ ತೆಗೆದಳು. "ಈಗ ಕೀಳ್ಸಿ" ಎಂದಳು.

ಬೇಲಿ ಒಳಗೆ ಸರಿಯಿತು. ತೋಟ ಕಿರಿದಾಯಿತು, ಬೆಂಚು ದಾರಿಗೆ ಅಡ್ಡ ಬಂತು. ಯಾರಿಗೂ ಏನೂ ಹೇಳಕೂಡದು, ಹೇಳಿದರೆ ಅದೂ ಕರೆದಂತೆಯೇ ಎಂದು ನಾನು ನಿಶ್ಚಯಿಸಿದ್ದೆ. ಹೇಳದೆ ಇರುವುದು ಬೇಲಿ ಹಾಕಿಸುವುದಕ್ಕಿಂತ ಕಷ್ಟವಾಯಿತು. ಬೆಳಿಗ್ಗೆ ಪೇಪರು ಹಿಡಿದರೆ ಒಂದೇ ಸಾಲು ಮತ್ತೆ ಮತ್ತೆ ಓದುತ್ತಿದ್ದೆ. ಸಂಜೆ ಗಿಡದಲ್ಲಿ ಹೂ ಕಡಿಮೆಯಾಗಿದೆಯೇ ಎಂದು ನೋಡುತ್ತಿದ್ದೆ. ಕಡಿಮೆಯಾದ ಹಾಗೆ ಕಾಣುತ್ತಿತ್ತು, ಆದರೆ ನಿನ್ನೆ ಎಷ್ಟಿತ್ತು ಎಂಬುದು ನೆನಪಿರುತ್ತಿರಲಿಲ್ಲ. ಕಿಟಕಿಯ ಪರದೆಯನ್ನು ಹೆಂಡತಿ ಎಳೆದು ಪಿನ್ನು ಹಾಕಿಬಿಟ್ಟಳು.

ವಾರದ ಮೇಲೆ ಒಂದು ಬೆಳಿಗ್ಗೆ ಹೊರಗಿನಿಂದ ಕೂಗು. "ಮೇಷ್ಟ್ರೇ, ಬರ್ರಿ ಇಲ್ಲಿ."

ಹೋದೆ. ಪಕ್ಕದ ಮನೆಯ ಅಮ್ಮ ಗಿಡಗಳ ನಡುವೆ ನಿಂತು ದಾಸವಾಳದ ಒಂದು ಕೊಂಬೆಯನ್ನು ಹಿಡಿದಿದ್ದರು. ಎಲೆಗಳು ಜೋತುಬಿದ್ದಿದ್ದವು.

"ನಿಮ್ಮ ಬಡಗಿ ಗುಂಡಿ ತಗಿಯಾಕ ಹೋಗಿ ಬೇರು ಕಡದಾನ. ಗಿಡ ಹೆಂಗ ಬಾಡೈತಿ ನೋಡಿಲ್ಲೇನು? ದಿನಾ ಕಿಟಕ್ಯಾಗ ನಿಂತು ಮತ್ತೇನ್ ನೋಡ್ತಿದ್ರಿ?"

ನೋಡಿರಲಿಲ್ಲ ಎಂದೆ. ಬಕೆಟ್ಟು ತಂದು ಬೇಲಿಯ ಮೇಲಿಂದ ಬಗ್ಗಿ ನೀರು ಹೊಯ್ಯಲು ಹೋದೆ. ಬುಡಕ್ಕಲ್ಲ, ಸುತ್ತ ಹಾಕಬೇಕು ಎಂದು ಗದರಿದರು. ಒಣಗಿದ ಎರಡು ಕೊಂಬೆಯನ್ನು ನನ್ನ ಕೈಯಲ್ಲಿ ಕಡಿಸಿದರು. ಬೇರಿಗೆ ಮಣ್ಣು ಏರಿಸಬೇಕು, ಕೆಂಪು ಮಣ್ಣು ಸಿಕ್ಕರೆ ಒಳ್ಳೆಯದು, ನಾಳೆ ಎರಡು ಬುಟ್ಟಿ ತರಿಸಿಡಿ ಎಂದರು. ನನ್ನ ಬೇಲಿಯ ಬಗ್ಗೆ, ಅದು ಹಿಂದೆ ಸರಿದದ್ದರ ಬಗ್ಗೆ ಒಂದು ಮಾತೂ ಇಲ್ಲ. ಬೈಯುತ್ತ ಬೈಯುತ್ತಲೇ ಪಕ್ಕದ ನಂದಿಬಟ್ಟಲಿನ ಕೊಂಬೆ ಬಗ್ಗಿಸಿ ಒಂದೊಂದೇ ಹೂ ಬಿಡಿಸಿ ಸೆರಗಿಗೆ ಹಾಕಿಕೊಳ್ಳುತ್ತಿದ್ದರು.

ಎರಡನೆಯ ಬಕೆಟ್ಟಿಗೆ ಸಾಕು ಎಂದರು. ನಾನು ಖಾಲಿ ಬಕೆಟ್ಟು ಹಿಡಿದು ನಿಂತೇ ಇದ್ದೆ.

"ಇನ್ನ ಒಳಗ ಹೋಗ್ರಿ" ಎಂದರು. "ನಂಗೆ ಪೂಜಿಗೆ ಹೊತ್ತಾತು."

ನಾನು ಹೋದೆ.