ಹಾರದೆ ಮರಳಿದ ಡ್ರೋನ್

ಎರಡು ವರ್ಷದ ಹಿಂದೆ ಕೆ.ಆರ್. ಪೇಟೆ ತಾಲ್ಲೂಕಿನ ರೈತರ ಸಂಘವೊಂದರಲ್ಲಿ ನಾನು ಡ್ರೋನ್ ಪೈಲಟ್ ಆಗಿದ್ದೆ. ಬೆಳೆಗೆ ಔಷಧಿ ಸಿಂಪಡಿಸುವುದು ನನ್ನ ಕೆಲಸ. ಹಾರಿಸುವುದನ್ನು ಬೇಗ ಕಲಿಯಬಹುದು. ಇವತ್ತು ಹಾರಿಸಬೇಕೋ ಬೇಡವೋ ಎಂದು ಗಾಳಿ ನೋಡಿ ಹೇಳುವುದು ಕಷ್ಟ.

ಹೊಸಹೊಳಲು ಬಳಿ ಜವರೇಗೌಡರ ಭತ್ತಕ್ಕೆ ಕಂದು ಜಿಗಿಹುಳು ಬಿದ್ದಿತ್ತು. ಪೈರಿನ ಬುಡದಲ್ಲಿ ಕೂತು ರಸ ಹೀರುವ ಹುಳು ಅದು. ತಡಮಾಡಿದರೆ ಗದ್ದೆ ಸುಟ್ಟಂತೆ ಒಣಗುತ್ತದೆ. ಬೆಳಿಗ್ಗೆ ಮೊಬೈಲಿನ ಮುನ್ಸೂಚನೆಯಲ್ಲಿ ಗಾಳಿ ಗಂಟೆಗೆ ಎಂಟು ಕಿಲೋಮೀಟರ್ ಎಂದಿತ್ತು. ಪಾಂಡವಪುರ ಕಡೆಯ ಹವಾಮಾನ ಕೇಂದ್ರ ಆರು ತೋರಿಸುತ್ತಿತ್ತು. ನಾಗಮಂಗಲ ಕಡೆಯದೂ ಹೆಚ್ಚುಕಡಿಮೆ ಅಷ್ಟೇ. ತೊಂದರೆಯಿಲ್ಲ ಎಂದುಕೊಂಡೇ ಹೊರಟೆ.

ಬದುವಿನ ಮೇಲೆ ನಿಂತ ಕೂಡಲೇ ಸೆರಗು ಹಾರಿತು. ಕೆರೆ ಏರಿಗೂ ಗುಡ್ಡಕ್ಕೂ ನಡುವಿನ ಸಂದಿಯಿಂದ ಗಾಳಿ ನುಗ್ಗಿ ಬರುತ್ತಿತ್ತು. ಗಾಳಿಯ ವೇಗ ಅಳೆಯುವ ಕೈ ಅನಿಮೋಮೀಟರ್ ಹದಿನೆಂಟು ತೋರಿಸಿತು. ಗಾಳಿ ಹೋಗುವ ದಿಕ್ಕಿಗೇ ಸಾಕಮ್ಮನವರ ಹಿಪ್ಪುನೇರಳೆ ತೋಟ. ಅವರ ಮನೆಯಲ್ಲಿ ರೇಷ್ಮೆ ಹುಳು ಇನ್ನೇನು ಗೂಡು ಕಟ್ಟುವ ಹಂತದಲ್ಲಿತ್ತು. ಔಷಧಿ ತಾಗಿದ ಸೊಪ್ಪು ತಿಂದರೆ ಅವು ಉಳಿಯುವುದಿಲ್ಲ.

"ಇವತ್ತಾಗಲ್ಲ ಗೌಡ್ರೇ" ಎಂದೆ.

"ಅಂಗನ್ಬೇಡ ಕಣವ್ವ. ಆಗ್ಲೇ ಅಲ್ಲಲ್ಲಿ ಕೆಂಪಗಾಗೈತೆ, ನೋಡು. ವಸಿ ತಗ್ಗಲ್ಲೇ ಆರಿಸ್ಬುಡು."

"ಸಾಕಮ್ಮೋರ ಹುಳ ಸತ್ತೋಗ್ತವೆ."

ಗೌಡರು ತೋಟದ ಕಡೆ ನೋಡಿದರು. "ಅದೂ ಸರೀನೇ ಬುಡು" ಎಂದು ಅಲ್ಲೇ ಕುಕ್ಕರಿಸಿದರು. ನಾನು ಡ್ರೋನ್ ಮಡಚಿ ಗಾಡಿಗೆ ಹಾಕಿಕೊಂಡು ಹೊರಟೆ. ಸರಿಯಾದದ್ದನ್ನೇ ಮಾಡಿದೆನೆಂಬ ಹೆಮ್ಮೆಯೂ ಒಳಗೊಳಗೇ ಇತ್ತು.

ಮರುದಿನವೂ ಗಾಳಿ ತಗ್ಗಲಿಲ್ಲ. ಆಮೇಲೆ ಮಳೆ ಹಿಡಿಯಿತು. ಮಳೆ ಬಿಟ್ಟಾಗ ಅರ್ಧ ಗದ್ದೆ ಒಣಹುಲ್ಲಾಗಿತ್ತು. ಸಾಕಮ್ಮನವರಿಗೆ ಗೂಡು ಚೆನ್ನಾಗಿ ಬಂತು. ಒಂದು ದಿನ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಕೈ ಹಿಡಿದು, "ನಮ್ಮನೆ ಉಳುಸ್ದೆ ಕಣವ್ವ" ಎಂದರು. ಕೈ ಬಿಡಿಸಿಕೊಂಡರೆ ಸಾಕೆನಿಸಿತು.

ಜವರೇಗೌಡರು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಸಮಾಧಾನವಾಗುತ್ತಿತ್ತು. ನನ್ನ ತಪ್ಪು ಆಮೇಲೆ ತಿಳಿಯಿತು: ಜಿಗಿಹುಳು ಇರುವುದು ಪೈರಿನ ಬುಡದಲ್ಲಿ. ಬೆನ್ನಿಗೆ ಹಾಕಿಕೊಂಡು ಔಷಧಿ ಹೊಡೆಯುವ ಕೈಪಂಪಿನ ನಳಿಕೆಯನ್ನು ಪೈರಿನೊಳಕ್ಕೆ ಬಗ್ಗಿಸಿ, ತೋಟದ ಕಡೆಯ ಅಂಚು ಬಿಟ್ಟು ಹೊಡೆಸಿದ್ದರೆ ಔಷಧಿ ಅಷ್ಟು ದೂರ ಹಾರುತ್ತಿರಲಿಲ್ಲ. ಗದ್ದೆಯ ಬಹುಪಾಲು ಉಳಿಯುತ್ತಿತ್ತು. ಸಂಘದಲ್ಲಿ ಪಂಪುಗಳೂ ಇದ್ದವು. ಡ್ರೋನಿನ ಗುಂಗಿನಲ್ಲಿದ್ದ ನನಗೆ ಆವತ್ತು ಅದು ಹೊಳೆಯಲೇ ಇಲ್ಲ.

ಗಾಳಿಯನ್ನು ನಾನು ತಪ್ಪಾಗಿ ಓದಿರಲಿಲ್ಲ. ಆದರೆ ಆಗುವುದಿಲ್ಲ ಎಂದು ಹೇಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಈಗ ಗಾಳಿ ಜೋರಿದ್ದರೆ ರೈತರ ಪಕ್ಕ ಕೂತು, ಬೇರೆ ಏನು ಮಾಡಬಹುದೆಂದು ಇಬ್ಬರೂ ಸೇರಿ ಯೋಚಿಸಿದ ಮೇಲೆಯೇ ಏಳುತ್ತೇನೆ.