ಸುಣ್ಣಗುಡ್ಡದ ಶುಕ್ರವಾರಗಳು

ನಡೆಯುವುದು ತಪ್ಪಲಿ ಎಂದೇ ನಾನು ಸೌದಿಗೆ ಹೋದವನು. ಬೇರೆಯವರು ಮನೆ ಕಟ್ಟಬೇಕೆಂದು ಹೋದರು, ತಂಗಿಯ ಮದುವೆಗೆಂದು ಹೋದರು. ನನ್ನ ಆಸೆ ಅಷ್ಟು ದೊಡ್ಡದಾಗಿರಲಿಲ್ಲ. ಊರಲ್ಲಿ ಬಸ್ಸು ಹಿಡಿಯಬೇಕಾದರೆ ಒಂದು ಗುಡ್ಡ ಹತ್ತಿ ಇಳಿಯಬೇಕಿತ್ತು, ಅದು ನನಗೆ ಆಗುತ್ತಿರಲಿಲ್ಲ. ಎಂಬತ್ತರ ದಶಕದಲ್ಲಿ ರಿಯಾದಿನ ಒಂದು ಪಂಪ್ ಕಂಪೆನಿಯ ಸ್ಟೋರಿನಲ್ಲಿ ಕೆಲಸ ಸಿಕ್ಕಿ, ಹಳೆಯ ಕಾರೊಂದನ್ನು ಕೊಂಡ ದಿನ, ಇನ್ನು ಈ ಜನ್ಮದಲ್ಲಿ ಗುಡ್ಡ ಹತ್ತುವುದಿಲ್ಲ ಎಂದು ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಆಮೇಲೆ ಮದುವೆಯಾಯಿತು. ಹೆಂಡತಿ ಊರಲ್ಲಿ ಬಾಲವಾಡಿ ಟೀಚರ್ ಆಗಿದ್ದಳು. ದಿನಾ ಬೆಳಿಗ್ಗೆ ಎರಡು ಗುಡ್ಡ ದಾಟಿ ಹೋಗಿ, ಸಂಜೆ ಅದೇ ಎರಡು ಗುಡ್ಡ ದಾಟಿ ಬರುತ್ತಿದ್ದಳಂತೆ. ಇದನ್ನು ಹೆಣ್ಣು ನೋಡಲು ಹೋದಾಗಲೇ ಹೇಳಿದ್ದರು. ಅಯ್ಯೋ ಪಾಪ, ಇನ್ನು ಸುಖವಾಗಿರಲಿ ಎಂದುಕೊಂಡು ಅವಳನ್ನು ಕರೆತಂದು, ಬತ್ಹಾ ಪೇಟೆಯ ಹತ್ತಿರ ಮೂರನೇ ಮಹಡಿಯ ಫ್ಲಾಟಿನಲ್ಲಿ ಇಟ್ಟೆ. ಕೆಳಗೆ ಗಿಜಿಗುಟ್ಟುವ ಪೇಟೆ, ಅಲ್ಲಿ ಹೆಂಗಸೊಬ್ಬಳೇ ತಿರುಗಾಡುವ ರೂಢಿಯಿರಲಿಲ್ಲ. ಅವಳು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ ನಡೆದಳು. ಕೆಳಗಿನ ಮನೆಯವರು ಬಂದು, ಮೇಲೆ ಏನಾದರೂ ಕುಟ್ಟುತ್ತಿದ್ದೀರಾ ಎಂದು ಕೇಳಿ ಹೋದರು.

ಒಂದು ದಿನ ಊಟ ಬಡಿಸುತ್ತಾ ಹೇಳಿದಳು. "ಬೇಸಿಗೆಗೆ ಕಂಪೆನಿಯವರು ಟಿಕೆಟ್ ಕೊಡ್ತಾರಲ್ಲ, ಆಗ ನಾನು ಊರಿಗೆ ಹೋಗ್ತೇನೆ. ವಾಪಸ್ ಬರುದಿಲ್ಲ. ನೀವು ಲೀವಿಗೆ ಬನ್ನಿ, ಮಾತಾಡುವಾ."

"ಎಂತ ಆಯ್ತು ಈಗ?"

"ಎಂತ ಆಗ್ಲಿಲ್ಲ, ಅದೇ. ಕಾಲು ಉಂಟು, ನಡೀಲಿಕ್ಕೆ ಜಾಗ ಇಲ್ಲ. ವಾರಕ್ಕೆ ಒಂದು ದಿನ ಒಂದು ಗುಡ್ಡ ಹತ್ತಿಸಿ, ಇರ್ತೇನೆ."

ಜಗಳವಾಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಅವಳು ಮಕ್ಕಳಿಗೆ ರಜೆಯ ದಿನ ತಿಳಿಸುವ ಟೀಚರಿನ ಹಾಗೆ ತಣ್ಣಗೆ ಹೇಳಿ ಸಾರು ಬಡಿಸಿದಳು. ಅವಳು ಬಂದು ಆರು ತಿಂಗಳೂ ಆಗಿರಲಿಲ್ಲ, ಆದರೆ ಅವಳಿಲ್ಲದ ಆ ಮನೆಯನ್ನು ನೆನೆದರೇ ಹೆದರಿಕೆಯಾಗುತ್ತಿತ್ತು. ಗುಡ್ಡ ಹತ್ತುವುದು ಅದಕ್ಕಿಂತ ವಾಸಿ ಎಂದು ತೀರ್ಮಾನಿಸಿದೆ.

ಪೇಟೆ ದಾಟಿ ಪಶ್ಚಿಮಕ್ಕೆ ಹೋದರೆ ಸುಣ್ಣಕಲ್ಲಿನ ಬಿಳಿ ಗುಡ್ಡಗಳಿವೆ. ಎತ್ತರವೇನಿಲ್ಲ, ಒಂದರ ಬೆನ್ನಿಗೆ ಒಂದು ಉರುಳಿಕೊಂಡು ಹೋಗುತ್ತವೆ. ನಡುವಿನ ತಗ್ಗಿನಲ್ಲಿ, ಮಳೆ ಬಂದರೆ ಮಾತ್ರ ನೀರು ಹರಿಯುವ ಹಳ್ಳದ ಉದ್ದಕ್ಕೆ ಜಾಲಿಮರಗಳು. ಅದನ್ನು ಕಾಡು ಎಂದರೆ ನಮ್ಮೂರಿನವರು ನಗುತ್ತಾರೆ. ಆದರೂ ಚಳಿಗಾಲದ ಸಂಜೆ ಅಲ್ಲಿ ನೆರಳಿರುತ್ತಿತ್ತು, ಹಕ್ಕಿಗಳಿರುತ್ತಿದ್ದವು. ಮೊದಲ ಶುಕ್ರವಾರ ದಾರಿಯ ಬದಿಗೆ ಕಾರು ನಿಲ್ಲಿಸಿ, ಅವಳು ಮುಂದೆ ನಾನು ಹಿಂದೆ ಗುಡ್ಡದ ಕಡೆ ಹೊರಟೆವು.

ನೂರು ಮಾರು ಹೋಗಿರಲಿಕ್ಕಿಲ್ಲ, ಧೂಳೆಬ್ಬಿಸಿಕೊಂಡು ಒಂದು ಪಿಕಪ್ ಬಂತು. ಕೆಂಪು ಚೌಕುಳಿಯ ರುಮಾಲಿನ ಒಬ್ಬ ಮುದುಕ ಇಳಿದ. ಪಿಕಪ್ಪಿನೊಳಗೆ ಅವನ ಹೆಂಡತಿ, ಮೈಯೆಲ್ಲ ಕಪ್ಪು ಹೊದ್ದು, ಕಿಟಕಿಯಾಚೆ ನೋಡುತ್ತಾ ಕೂತಿದ್ದಳು.

"ಗಾಡಿ ಖರಾಬಾಯಿತಾ?" ಎಂದು ಅರಬಿಯಲ್ಲಿ ಕೇಳಿದ.

ನನ್ನ ಅರಬಿ ಸ್ಟೋರಿನದು. ನಟ್ಟು, ಬೋಲ್ಟು, ಇದೆ, ಇಲ್ಲ, ನಾಳೆ ಬಾ. ಅದರಲ್ಲೇ ಹೇಳಿದೆ, "ಇಲ್ಲ. ನಡೆಯುತ್ತಿದ್ದೇವೆ."

"ಎಲ್ಲಿಗೆ?"

"ಅಲ್ಲಿಗೆ."

"ಅಲ್ಲಿ ಏನಿದೆ?"

"ಏನೂ ಇಲ್ಲ."

"ಹಾಗಾದರೆ ಯಲ್ಲಾ, ಹತ್ತಿ."

ಆ ಊರಿನಲ್ಲಿ ಬಯಲಲ್ಲಿ ನಿಂತ ಕಾರನ್ನು ಕಂಡೂ ಕಾಣದ ಹಾಗೆ ಹೋಗುವವರಿಲ್ಲ. ನೀರಿಲ್ಲದ ಕಡೆ ನಡೆದು ಹೋಗುವವನೆಂದರೆ ಆಪತ್ತಿನಲ್ಲಿರುವವನು, ಅಷ್ಟೆ. ಮುದುಕ ನನ್ನ ಕಾರಿನ ಬಾನೆಟ್ ಎತ್ತಿ ನೋಡಿದ. ಏನೂ ಕೆಟ್ಟಿರಲಿಲ್ಲವಾದ್ದರಿಂದ ಕೆಟ್ಟದ್ದೇನೆಂದು ಅವನಿಗೆ ಸಿಗಲಿಲ್ಲ. ಸಿಗಲಿಲ್ಲವಾದ್ದರಿಂದ ದೊಡ್ಡ ರಿಪೇರಿಯೇ ಇರಬೇಕೆಂದು ತಲೆ ಅಲ್ಲಾಡಿಸಿ, ಹಗ್ಗ ತಂದು ಪಿಕಪ್ಪಿನ ಹಿಂದೆ ಕಟ್ಟಿದ. ಒಳ್ಳೆ ಗಟ್ಟಿಮುಟ್ಟಾದ ಕಾರಿನಲ್ಲಿ ಸ್ಟೇರಿಂಗ್ ಹಿಡಿದು ಕೂತು ನಾವು ಎಳೆಸಿಕೊಂಡು ಹೋದೆವು.

ಅವನ ತೋಟದಲ್ಲಿ ಖರ್ಜೂರ, ಕಾವಾ ಎಂಬ ಏಲಕ್ಕಿಯ ಕಾಫಿ, ಆಮೇಲೆ ಹರಿವಾಣದ ತುಂಬ ಅನ್ನ ಮತ್ತು ಮಾಂಸ. ಬಾವಿಯ ಮೇಲೆ ನಮ್ಮ ಕಂಪೆನಿಯದೇ ಪಂಪ್ ಇತ್ತು. ಅದು ನಮ್ಮ ಸ್ಟೋರಿನದೆಂದು ಹೇಳಿದ್ದಕ್ಕೆ ಇನ್ನೊಂದು ಹರಿವಾಣ ಬಂತು. ಹೊರಡುವಾಗ ಮುದುಕನೇ ಕಾರಿನ ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನು ದೇವರಿಗೆ ಕೈಯೆತ್ತಿ ವಂದಿಸಿ, ಬ್ಯಾಟರಿ ಬದಲಿಸು ಎಂದು ನನಗೆ ಬುದ್ಧಿ ಹೇಳಿದ.

ಮನೆಗೆ ಬರುವ ದಾರಿಯಲ್ಲಿ ನಾನು, "ಒಳ್ಳೆ ಜನ," ಎಂದೆ.

"ಒಳ್ಳೆಯವರೇ. ನಡೆದದ್ದು ಎಷ್ಟು?" ಎಂದಳು ಹೆಂಡತಿ.

ಮುಂದಿನ ಶುಕ್ರವಾರ ಬೇರೆ ಗುಡ್ಡ. ಅಲ್ಲಿ ನೀರಿನ ಟ್ಯಾಂಕರಿನವನೊಬ್ಬ ನಿಲ್ಲಿಸಿ, ರೇಡಿಯೇಟರ್ ತುಂಬಿಸಿ ಹೋದ. ಅದರ ಮುಂದಿನ ವಾರ ಕಾರನ್ನು ಗುಡ್ಡದ ಮರೆಯಲ್ಲಿ ಅಡಗಿಸಿಟ್ಟೆವು. ಆಗ ಮತ್ತೆ ಅದೇ ಮುದುಕ, ಚಕ್ರದ ಗುರುತು ಹಿಡಿದುಕೊಂಡು ಬಂದ. ಪ್ರತಿ ಶುಕ್ರವಾರ ಕೆಟ್ಟುನಿಲ್ಲುವ ಕಾರನ್ನಿಟ್ಟುಕೊಂಡು ಹೆಂಡತಿಯನ್ನು ಬಯಲಲ್ಲಿ ಅಲೆಸುವ ನನ್ನ ಮೇಲೆ ಅವನಿಗೆ ಮರುಕ ಬಂದುಬಿಟ್ಟಿತ್ತು. ನಿನ್ನ ಕಫೀಲ್, ಅಂದರೆ ನಿನಗೆ ವೀಸಾ ಕೊಟ್ಟ ಧಣಿ, ಯಾರು ಹೇಳು, ಒಳ್ಳೆ ಗಾಡಿ ಕೊಡಿಸಲು ನಾನು ಮಾತಾಡುತ್ತೇನೆ ಎಂದ. ಕಫೀಲನ ಮುಂದೆ ಈ ಪುರಾಣವೆಲ್ಲ ಬಿಚ್ಚಿಕೊಂಡರೆ ನನ್ನ ಗತಿ ಏನೆಂದು ಬೆವರಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಸಂತೋಷವೂ ಇತ್ತು. ನಡೆಸುವ ಮನಸ್ಸು ನನಗಿದೆ, ಊರಿನವರು ಬಿಡುವುದಿಲ್ಲ, ನಾನೇನು ಮಾಡಲಿ?

ಆದರೆ ಬೇಸಿಗೆ ಹತ್ತಿರ ಬರುತ್ತಿತ್ತು. ಆ ಶುಕ್ರವಾರ ಹೆಂಡತಿ ಗುಡ್ಡದಿಂದ ಒಂದು ಕಲ್ಲು ತಂದಿದ್ದಳು, ಅದರಲ್ಲಿ ಚಿಪ್ಪಿಯ ಅಚ್ಚು ಎದ್ದು ಕಾಣುತ್ತಿತ್ತು. "ನೋಡಿ, ನಮ್ಮೂರಿನ ಹಾಗೆ ಇಲ್ಲಿಯೂ ಸಮುದ್ರ ಇತ್ತು," ಎಂದು ಅದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟಳು. ಮಾರನೆಯ ದಿನ ಸಂಜೆ ಬಂದು ನೋಡಿದರೆ ಅದನ್ನೇ ನೋಡುತ್ತಾ ಕೂತಿದ್ದಳು. ನನ್ನ ಸಂತೋಷ ಅಲ್ಲಿಗೆ ಮುಗಿಯಿತು.

ಆ ಚಳಿಗಾಲ ಒಳ್ಳೆ ಮಳೆ ಬಿದ್ದಿತ್ತು. ಮಳೆಯ ಕೆಲವು ವಾರಗಳ ನಂತರ ಅಲ್ಲಿಯವರು ಬಯಲಿಗೆ ಹೋಗಿ ನೆಲದಡಿಯ ಒಂದು ಅಣಬೆ ಹುಡುಕುತ್ತಾರೆ, ಅದಕ್ಕೆ ಫಗ ಎನ್ನುತ್ತಾರೆ ಎಂದು ಸ್ಟೋರಿನ ಸುಡಾನಿ ಗುಮಾಸ್ತ ಹೇಳಿದ. ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳ ಮುಖ ಅರಳಿತು.

"ನಮ್ಮ ಕಲ್ಲಣಬೆಯ ಹಾಗೆ ಇರ್ಬೇಕು. ಹಾಗಾದ್ರೆ ಸರಿ ಮಾರಾಯ್ರೆ. ಕೈಯಲ್ಲಿ ಒಂದು ಚೀಲ, ಒಂದು ಕೋಲು ಹಿಡ್ಕೊಂಡು, ತಲೆ ಬಗ್ಗಿಸಿ ನಡೆಯುವಾ. ಯಾರೂ ಎಂತದೂ ಕೇಳುದಿಲ್ಲ."

ಎಷ್ಟು ಸುಲಭದ ಉಪಾಯ. ಆ ಶುಕ್ರವಾರ ಚೀಲ, ಕೋಲು ಹಿಡಿದು ಹೊರಟೆವು. ಒಂದು ಕಾರು ನಿಧಾನವಾಯಿತು. "ಸಿಕ್ಕಿತಾ?" ಎಂದು ಕೇಳಿದರು. ಇಲ್ಲ ಎಂದೆ. ಕಾರು ಮುಂದೆ ಹೋಯಿತು. ಅವಳು ನನ್ನ ಕಡೆ ತಿರುಗಿ ನಕ್ಕಳು. ಆದರೆ ಆ ಕಾರು ಸ್ವಲ್ಪ ಮುಂದೆ ಹೋಗಿ ನಿಂತಿತು. ಸಿಕ್ಕಿದವನು ಸಿಕ್ಕಿತೆಂದು ಯಾವತ್ತೂ ಹೇಳುವುದಿಲ್ಲವೆಂಬುದು ನಮಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಒಂದು ಸಂಸಾರವೇ ಇಳಿದು ತಲೆ ಬಗ್ಗಿಸಿಕೊಂಡು ನಮ್ಮ ಹಿಂದೆ ಬಂತು. ಅವರನ್ನು ಕಂಡು ಇನ್ನೊಂದು ಕಾರು ನಿಂತಿತು. ಹೆಂಡತಿ ಎಡಕ್ಕೆ ತಿರುಗಿದರೆ ಎಲ್ಲರೂ ಎಡಕ್ಕೆ, ಬಲಕ್ಕೆ ತಿರುಗಿದರೆ ಬಲಕ್ಕೆ. ಬಾಲವಾಡಿಯನ್ನು ಪಿಕ್ನಿಕ್ಕಿಗೆ ಕರೆತಂದ ಹಾಗೆ ಆಗಿಬಿಟ್ಟಿತು. ಯಾರಿಗೂ ಒಂದು ಅಣಬೆಯೂ ಸಿಗಲಿಲ್ಲ. ಕೊನೆಗೆ ಅವಳು ಒಂದು ಬಂಡೆಯ ಮೇಲೆ ಕೂತುಬಿಟ್ಟಳು.

"ಸಾಕು. ಈ ಊರಲ್ಲಿ ನನಗೆ ನಡೀಲಿಕ್ಕೆ ಬರೆದಿಲ್ಲ," ಎಂದಳು. ಅವಳ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆ ಹೊತ್ತಿಗೆ ಸರಿಯಾಗಿ ಮುದುಕನ ಪಿಕಪ್ ಬಂತು. ನಮ್ಮ ಕಾರು ಕಂಡದ್ದೇ, ಜನರನ್ನೂ ಲೆಕ್ಕಿಸದೆ, ಅಭ್ಯಾಸಬಲದಿಂದ ಹೋಗಿ ಬಾನೆಟ್ ಎತ್ತಿದ. ನನಗೆ ತಡೆಯಲಾಗಲಿಲ್ಲ. ಓಡಿಹೋಗಿ ಬಾನೆಟ್ ಮುಚ್ಚಿದೆ. ನನ್ನ ಸ್ಟೋರಿನ ಅರಬಿಯಲ್ಲೇ ಎಲ್ಲ ಹೇಳಿಬಿಟ್ಟೆ. ಗಾಡಿ ಸರಿ ಇದೆ. ಯಾವತ್ತೂ ಸರಿಯೇ ಇತ್ತು. ಫಗ ಬೇಡ. ಇವಳಿಗೆ ನಡೆಯಬೇಕು, ಸುಮ್ಮನೆ. ನಡೆಯದಿದ್ದರೆ ಹಿಂದ್‌ಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ. ನಾನು ಒಬ್ಬನೇ ಆಗುತ್ತೇನೆ.

ಮುದುಕ ನನ್ನನ್ನೇ ನೋಡಿದ. ಪಿಕಪ್ಪಿನ ಕಿಟಕಿ ತೆರೆದಿತ್ತು. ಒಳಗಿನಿಂದ ಅವನ ಹೆಂಡತಿ ಏನೋ ಹೇಳಿದಳು, ಅವನು ಏನೋ ಗೊಣಗಿದ, ಅವಳು ಸ್ವಲ್ಪ ಗಟ್ಟಿಯಾಗಿ ಹೇಳಿದಳು. ಆಮೇಲೆ ಬಾಗಿಲು ತೆರೆದು ಇಳಿದೇಬಿಟ್ಟಳು. ಹರಿದ ಚಪ್ಪಲಿ ಎಳೆದುಕೊಂಡು ನೇರ ಬಂಡೆಯ ಬಳಿ ಹೋಗಿ, ನನ್ನ ಹೆಂಡತಿಯ ಕೈ ಹಿಡಿದು ಎಬ್ಬಿಸಿ, ಗುಡ್ಡದ ಕಡೆ ಹೊರಟಳು.

"ಮೊದಲೆಲ್ಲ ಇವಳು ಆಡು ಹೊಡೆದುಕೊಂಡು ಈ ಗುಡ್ಡವನ್ನೆಲ್ಲ ಸುತ್ತುತ್ತಿದ್ದಳು, ದೂರದ ಬಾವಿಗೆ ಹೋಗುತ್ತಿದ್ದಳು," ಎಂದ ಮುದುಕ. "ಆಮೇಲೆ ಪಿಕಪ್ ಬಂತು. ನಿಮ್ಮ ಪಂಪ್ ಬಂತು. ಇನ್ನು ಕೂತಿರು ಎಂದೆ. ಆವತ್ತಿನಿಂದ ಬಯ್ಯುತ್ತಾಳೆ."

ನಮ್ಮ ಪಂಪ್ ಬಗ್ಗೆ ಸ್ಟೋರಿಗೆ ಬಂದ ದೂರುಗಳಲ್ಲಿ ಇಂಥದ್ದು ಮಾತ್ರ ಇರಲಿಲ್ಲ. ಮುದುಕ ಹಾಗೆ ಹೇಳಿದ ಮೇಲೂ ಹೆಂಗಸರನ್ನು ಬಯಲಲ್ಲಿ ಗಾಡಿಯಿಲ್ಲದೆ ಬಿಡಲು ಅವನಿಗೆ ಮನಸ್ಸು ಬರಲಿಲ್ಲ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೊದಲನೇ ಗೇರಿನಲ್ಲಿ ಅವರ ಹಿಂದೆಯೇ ಪಿಕಪ್ ಬಿಟ್ಟ. ಮುಂದೆ ಜಾಲಿಮರಗಳ ನಡುವೆ ಒಬ್ಬಳು ಕನ್ನಡದಲ್ಲಿ, ಇನ್ನೊಬ್ಬಳು ಅರಬಿಯಲ್ಲಿ ನಿಲ್ಲಿಸದೆ ಮಾತಾಡಿಕೊಂಡು ಹೋಗುತ್ತಿದ್ದರು. ಪಿಕಪ್ ಜೊತೆಗಿದೆಯಲ್ಲ, ಆದ್ದರಿಂದ ಯಾವ ಕಾರೂ ನಿಲ್ಲಲಿಲ್ಲ. ಮುದುಕ ಕಾವಾ ಬಗ್ಗಿಸಿ ಕೊಟ್ಟ. ನನ್ನ ಜೀವನದಲ್ಲಿ ಅಷ್ಟು ಸುಖವಾದ ನಡಿಗೆ ಬೇರೆ ಇಲ್ಲ.

ಅಲ್ಲಿಂದ ಬೇಸಿಗೆಯವರೆಗೆ ಶುಕ್ರವಾರಗಳೆಲ್ಲ ಹೀಗೆಯೇ ಕಳೆದವು. ಬೇಸಿಗೆಯಲ್ಲಿ ಕಂಪೆನಿಯ ಟಿಕೆಟ್ ಬಂತು. ಮೊದಲು ಹೇಳಿದಂತೆ ಅವಳು ಊರಿಗೆ ಹೊರಟಳು. ಬರುತ್ತೀಯಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ, ಅವಳೂ ಹೇಳಲಿಲ್ಲ. ಮುದುಕ ಎರಡು ಸಲ ಸ್ಟೋರಿಗೇ ಬಂದು, ಬಂದಳಾ ಎಂದು ಕೇಳಿ ಹೋದ. ಅವನ ಮನೆಯಲ್ಲಿ ಯಾರು ಕೇಳಿಸುತ್ತಿದ್ದಾರೆಂದು ನನಗೆ ಗೊತ್ತಿತ್ತು.

ರಜೆ ಮುಗಿದು ಅವಳು ಬಂದ ದಿನ ವಿಮಾನ ನಿಲ್ದಾಣದಲ್ಲಿ ಅವಳನ್ನು ಕಂಡದ್ದೇ ಓಡಿಹೋಗಿ ಪೆಟ್ಟಿಗೆ ಎತ್ತಿಕೊಂಡೆ. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿದಾಗ, ಉಪ್ಪಿನಕಾಯಿ, ಹಪ್ಪಳದ ಅಡಿಯಲ್ಲಿ ಬಿಳಿ ಕ್ಯಾನ್ವಾಸ್ ಶೂ ಎರಡು ಜೊತೆ ಇದ್ದವು. ಒಂದು ಅವಳ ಅಳತೆಯದು. ಇನ್ನೊಂದು ದೊಡ್ಡದು. ಅದನ್ನು ನೋಡಿದ ಕೂಡಲೇ ನನ್ನ ಎದೆ ಧಸಕ್ಕೆಂದಿತು.

ಅವಳು ಅದನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟಳು.

"ಹೆದರ್ಬೇಡಿ, ನಿಮಗಲ್ಲ," ಎಂದಳು. "ಹೋಗುವ ಮೊದಲೇ ಪಿಕಪ್ಪಿನ ಅಜ್ಜಿಯ ಕಾಲಿನ ಅಳತೆ ತೆಗೊಂಡಿದ್ದೆ."