ಪೂರಾ ಗೋಡೆ

ನಮ್ಮ ಮನೆಯ ಪ್ಯಾಸೇಜಿನ ಗೋಡೆಗೆ ಎರಡು ಕಾಯಿಲೆಗಳಿದ್ದವು. ಒಂದು ಸೀಲನ್. ಗೋಡೆಗೆ ತೇವ ಹತ್ತಿದರೆ ನಾವಿರುವ ದಿಲ್ಲಿಯ ಕಡೆ ಹಾಗನ್ನುತ್ತಾರೆ. ಆಚೆ ಬದಿ ಬಚ್ಚಲುಮನೆ ಇದ್ದುದರಿಂದ ಬಣ್ಣ ಹಪ್ಪಳದ ಹಾಗೆ ಉಬ್ಬಿ ಉದುರುತ್ತಿತ್ತು. ಇನ್ನೊಂದು ನನ್ನ ಮಾವನವರ ಅಂಗೈ.

ಮಾವನವರು ಫೌಜಿನಿಂದ, ಅಂದರೆ ಸೈನ್ಯದಿಂದ, ನಿವೃತ್ತರಾದವರು. ಒಮ್ಮೆ ಸಣ್ಣದಾಗಿ ಪಾರ್ಶ್ವವಾಯು ಹೊಡೆದು, ಅದು ವಾಸಿಯಾದ ಮೇಲೂ ಒಂದು ಕಾಲು ಎಳೆಯುತ್ತಿತ್ತು. ನಡೆಯುವುದನ್ನು ಮಾತ್ರ ಬಿಡಬೇಡಿ, ಬಿಟ್ಟರೆ ಕೂತಲ್ಲೇ ಕೂರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೋಲು ಹಿಡಿಯಲು ಮಾವ ಸುತರಾಂ ಒಪ್ಪಲಿಲ್ಲ. ನನ್ನ ಗಂಡ ತಂದುಕೊಟ್ಟ ಕೋಲು ಬಾಲ್ಕನಿಯ ಹಗ್ಗದಿಂದ ಬಟ್ಟೆ ಎಳೆಯುವ ಕೆಲಸಕ್ಕೆ ಬಂತು. ಅವರು ಗೋಡೆಯನ್ನು ಸವರಿಕೊಂಡೇ ತಮ್ಮ ಕೋಣೆಯಿಂದ ಹಾಲ್‌ವರೆಗೆ ಬಂದು ಹೋಗುತ್ತಿದ್ದರು. ಬೆಳಿಗ್ಗೆ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡ ಕೈಗಳು. ಕೆಲವೇ ತಿಂಗಳಲ್ಲಿ ಗೋಡೆಯ ಉದ್ದಕ್ಕೂ ಒಂದು ಕರಿಪಟ್ಟಿ ಮೂಡಿತು.

ನನಗೇನೂ ಅದು ಅಸಹ್ಯವಾಗಿ ಕಾಣಲಿಲ್ಲ. ಆದರೆ ಅವರ ಜೊತೆ ಫೌಜಿನಲ್ಲಿದ್ದ ಗೆಳೆಯರೊಬ್ಬರು ಆರ್.ಕೆ.ಪುರಂನಲ್ಲಿರುವ ತಮ್ಮ ಮಗನ ಕ್ವಾರ್ಟರ್ಸಿನಿಂದ ಮೆಟ್ರೋ ಹಿಡಿದು ನೋಡಲು ಬಂದರು. ಕೈ ತೊಳೆಯಲು ಹೋದವರು ಪ್ಯಾಸೇಜಿನಲ್ಲಿ ನಿಂತು, "ಏನಯ್ಯಾ, ಗೋಡೆ ಹಿಡ್ಕೊಂಡು ಓಡಾಡೋ ಹಂಗಾಯ್ತಾ?" ಎಂದರು. ತಮಾಷೆಗೇ ಅಂದದ್ದು. ಮಾವನವರೂ ನಕ್ಕರು. ಗೆಳೆಯರು ಹೋದ ಮೇಲೆ ಟಿವಿ ಹಾಕಲಿಲ್ಲ, ಎರಡನೇ ಸಲ ಚಹಾ ಕೇಳಲಿಲ್ಲ. ಆಮೇಲೆ ಅಡುಗೆಮನೆಯ ಬಾಗಿಲಿಗೆ ಬಂದು, "ನೋಡಮ್ಮ, ಆ ಗೋಡೆಗೆ ಏನಾದ್ರೂ ಮಾಡ್ಸು," ಎಂದರು. ಅವರು ನನ್ನನ್ನು ಏನನ್ನಾದರೂ ಕೇಳಿದ್ದೇ ಅಪರೂಪ.

ಪೇಂಟರ್ ಭಯ್ಯಾ ಬಂದು ಗೋಡೆಯನ್ನು ತಟ್ಟಿ ನೋಡಿ, ಟೆಕ್ಸ್ಚರ್ ಮಾಡಿಸಿ ಎಂದ. ಅವನ ವಾದ ಹೀಗಿತ್ತು: ಗೋಡೆ ನುಣ್ಣಗಿದ್ದರೆ ಒಂದು ಗೀರು ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಇಡೀ ಗೋಡೆಯನ್ನೇ ತರಿತರಿ ಮಾಡಿಬಿಟ್ಟರೆ ಯಾವುದು ಗೀರು, ಯಾವುದು ಡಿಸೈನು ಎಂದು ಯಾರಪ್ಪನಿಗೂ ತಿಳಿಯುವುದಿಲ್ಲ. ಸೀಲನ್ ಏನಾಗುತ್ತದೆ ಎಂದು ಕೇಳಿದೆ. ಒಳಗಿರುತ್ತದೆ, ಕಾಣುವುದಿಲ್ಲ ಅಷ್ಟೇ ಎಂದ. ಮನುಷ್ಯನ ನೇರ ಮಾತಿಗೆ ನಗು ಬಂತು, ಸಿಟ್ಟೂ ಬಂತು. ಮೊದಲು ಪ್ಲಂಬರನ್ನು ಕರೆಸಿ ಪೈಪು ಸರಿ ಮಾಡಿಸಿದೆ. ಮುಚ್ಚುವುದು ನನಗೆ ಸೇರದ ಕೆಲಸ. ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬದುಕಿದವಳು ನಾನು. ಹಿಂದಿನವರ ಮೊಳೆ, ಎಣ್ಣೆ, ಮಕ್ಕಳ ಗೀಚು ಎಲ್ಲದರ ಮೇಲೂ ಒಂದು ಕೈ ಸುಣ್ಣ ಎಳೆದು ನಮ್ಮ ಕೈಗೆ ಬೀಗದ ಕೈ ಕೊಡುತ್ತಿದ್ದರು. ಮಳೆಗಾಲ ಬಂದರೆ ಎಲ್ಲವೂ ಮತ್ತೆ ಇಣುಕುತ್ತಿತ್ತು.

ಕೆಲಸ ಶುರುವಾದ ದಿನ ನಾನೂ ಗಂಡನೂ ಆಫೀಸಿಗೆ ಹೋಗಿದ್ದೆವು. ಮೇಲ್ವಿಚಾರಣೆ ಮಾವನವರದ್ದು. ಸಂಜೆ ಬಾಗಿಲು ತೆಗೆದರೆ ಪ್ಯಾಸೇಜಿನಲ್ಲಿ ಕುದುರೆಗಳು ಓಡುತ್ತಿದ್ದವು.

ಉತ್ಪ್ರೇಕ್ಷೆಯಲ್ಲ. ಬಿಸ್ಕತ್ತಿನ ಬಣ್ಣದ ತರಿತರಿ ಗೋಡೆಯಿಂದ ಬೆಳ್ಳಗೆ, ನುಣ್ಣಗೆ, ಬೆರಳು ದಪ್ಪ ಉಬ್ಬಿಕೊಂಡ ಕುದುರೆಗಳು ಮಾವನವರ ಕೋಣೆಯಿಂದ ಹಾಲ್ ಕಡೆಗೆ ಸಾಲಾಗಿ ಹೊರಟಿದ್ದವು. ಈ ಊರಿನವರಿಗೆ ಓಡುವ ಕುದುರೆಗಳೆಂದರೆ ಪ್ರಾಣ. ವಾಸ್ತು ಪ್ರಕಾರ ಏಳಿರಬೇಕಂತೆ. ನಮ್ಮ ಗೋಡೆಗೆ ಐದೇ ಹಿಡಿದಿದ್ದವು. ಐದನೆಯದರ ಮೂತಿ ಹಾಲ್‌ನ ಬಾಗಿಲ ಚೌಕಟ್ಟಿಗೆ ಹೆಚ್ಚುಕಡಿಮೆ ಡಿಕ್ಕಿ ಹೊಡೆಯುವಂತಿತ್ತು. ಭಯ್ಯಾ ಸೊಂಟಕ್ಕೆ ಕೈಯಿಟ್ಟು, ಹೊಗಳಿಕೆಗೆ ಕಾದು ನಿಂತಿದ್ದ.

"ಇದನ್ಯಾರು ಕೇಳಿದ್ದು?" ಎಂದು ನಾನು ಹಿಂದಿಯಲ್ಲಿ ಹಾರಾಡಿದೆ. ಅಂಕಲ್‌ಜೀ ಹೇಳಿದ್ದು ಎಂದು ಅವನು. ನಾನು ಕುದುರೆಯ ಹೆಸರೇ ಎತ್ತಿಲ್ಲ ಎಂದು ಮಾವ. ಕಾಲೇಜಿನಿಂದ ಬಂದ ಮಗಳು ಇಬ್ಬರ ಮಾತನ್ನೂ ಕೇಳಿಸಿಕೊಂಡು, ಬ್ಯಾಗನ್ನೂ ಇಳಿಸದೆ, ನೆಲದ ಮೇಲೆ ಕೂತು ನಗತೊಡಗಿದಳು.

"ಮಮ್ಮಿ, ಅಜ್ಜ ಗೋಡೆ ಅಂದ್ರು, ಭಯ್ಯಾ ನೇ ಘೋಡೆ ಸುನ್ ಲಿಯಾ," ಎಂದಳು.

ಆದದ್ದಿಷ್ಟು. ಮಾವನವರ ಹಿಂದಿ ಫೌಜಿ ಹಿಂದಿ, ನಮ್ಮೆಲ್ಲರಿಗಿಂತ ಗಟ್ಟಿ. ಆದರೆ ಕಾಯಿಲೆ ಬಂದ ಮೇಲೆ ಹಿಂದಿಯ ನಡುವೆ ಎಲ್ಲಿಂದಲೋ ಕನ್ನಡದ ಪದ ಬಂದು ಕೂರುತ್ತಿತ್ತು, ಅವರಿಗೆ ಅದರ ಅರಿವೂ ಇರುತ್ತಿರಲಿಲ್ಲ. ಅರ್ಧ ಎತ್ತರಕ್ಕೆ ಮಾಡಲೋ ಪೂರ್ತಿ ಮಾಡಲೋ ಎಂದು ಭಯ್ಯಾ ಕೇಳಿದ್ದಾನೆ. ಇವರು, "ಆಧಾ ನಹೀಂ, ಪೂರಾ ಗೋಡೆ ಬನಾವೋ. ಯಹಾಂ ಸೇ ವಹಾಂ ತಕ್," ಎಂದಿದ್ದಾರೆ. ಅರ್ಧ ಬೇಡ, ಇಲ್ಲಿಂದ ಅಲ್ಲಿಯವರೆಗೆ ಪೂರಾ. ಹಿಂದಿಯಲ್ಲಿ ಘೋಡೆ ಎಂದರೆ ಕುದುರೆಗಳು. ಹಾಲ್‌ನಲ್ಲಿ ತೂಗುಹಾಕಿದ್ದ ಸಮವಸ್ತ್ರದ ಫೋಟೋ ನೋಡಿದ ಭಯ್ಯಾನಿಗೆ ಸಂಶಯವೇ ಉಳಿಯಲಿಲ್ಲ. ಫೌಜಿಗೆ ಬರೀ ಕುದುರೆಯ ತಲೆ ಸಾಲದು, ಪೂರಾ ಕುದುರೆಗಳೇ ಬೇಕು. ನಿಜ ಹೇಳಬೇಕೆಂದರೆ ಮಾವನವರು ಸರ್ವೀಸಿನುದ್ದಕ್ಕೂ ಇದ್ದದ್ದು ಸ್ಟೋರಿನಲ್ಲಿ. ಕುದುರೆಯ ಬಾಲವನ್ನೂ ಮುಟ್ಟಿದವರಲ್ಲ.

ನಾಳೆಯೇ ಕೆರೆದು ತೆಗೆಯಬೇಕೆಂದು ನಾನು ಪಟ್ಟು ಹಿಡಿದೆ. ಭಯ್ಯಾನ ಮುಖ ಚಿಕ್ಕದಾಯಿತು. ಮಾವನವರು ಮಾತ್ರ ತಮ್ಮ ಕೋಣೆಯ ಬಾಗಿಲಿಂದ ಮೊದಲ ಕುದುರೆಯ ಬಳಿ ಬಂದರು. ಅಲ್ಲಲ್ಲಿ ಒಣಗಿದ್ದ ತರಿ ಭಾಗ ಮುಟ್ಟಿ ಕೈ ಹಿಂದೆಗೆದರು, ಅದು ಚುಚ್ಚುತ್ತಿತ್ತು. ಕುದುರೆಯ ಬೆನ್ನು ಆಗಲೇ ಗಟ್ಟಿಯಾಗಿ ನುಣುಪಾಗಿತ್ತು. ಅದರ ಮೇಲೆ ಕೈಯಿಟ್ಟರು. ಅಲ್ಲಿಂದ ಎರಡನೆಯದರ ಕುತ್ತಿಗೆಗೆ, ಮೂರನೆಯದರ ಬೆನ್ನಿಗೆ. ಹಾಗೇ ಹಾಲ್ ತಲುಪಿ ಸೋಫಾದಲ್ಲಿ ಕೂತು, "ಇರ್ಲಿ ಬಿಡಮ್ಮ," ಎಂದರು.

ಮುಂದಿನ ಸಲ ಬಂದ ಗೆಳೆಯರು ಕಣ್ಣರಳಿಸಿ ನೋಡಿದರು. "ಈಗ ಗೋಡೆ ಹಿಡ್ಕೊಂಡು ಓಡಾಡ್ತಿಲ್ಲ ಕಣಯ್ಯಾ," ಎಂದು ಮಾವನವರೇ ಎದ್ದು ನಡೆದು ತೋರಿಸಿದರು. "ಕುದುರೆ ಮೈ ಸವರ್ತೀನಿ." ಅಷ್ಟು ಸಾಕಾಗಿತ್ತು ಅವರಿಗೆ. ಗೋಡೆಯನ್ನು ಹಿಡಿಯುವವನು ಕೈಲಾಗದವನು; ಕುದುರೆಯ ಬೆನ್ನು ತಟ್ಟುವವನನ್ನು ಯಾರೂ ಹಾಗನ್ನುವುದಿಲ್ಲ. ಕಲೆ ಮುಚ್ಚಲೆಂದು ಮಾಡಿಸಿದ ಗೋಡೆ ಕಲೆಯನ್ನೇನೂ ಮುಚ್ಚಲಿಲ್ಲ, ಬಿಳಿ ಕುದುರೆಗಳ ಮೇಲೆ ಅದು ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಮುಚ್ಚಬೇಕಾಗಿದ್ದದ್ದು ಮಾತ್ರ ಮುಚ್ಚಿತು. ಆಗ ನನಗೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಒಂದು ದೀಪಾವಳಿಗೆ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಐದೂ ಕುದುರೆಗಳನ್ನು ಒರೆಸಿದೆ. ಚಳಿ ಬಂತು. ಮೊದಲ ಮೂರರ ಬೆನ್ನು ಎಂದಿನಂತೆ ಕಪ್ಪಾಯಿತು. ನಾಲ್ಕನೆಯದು ಸ್ವಲ್ಪ ಮಾಸಿತು. ಹಾಲ್ ಬಳಿಯ ಐದನೆಯದು ಹಾಗೇ ಬೆಳ್ಳಗೆ ಉಳಿಯಿತು. ಒಂದು ಬೆಳಿಗ್ಗೆ ಆಫೀಸಿಗೆ ಹೊರಟವಳು ಅದನ್ನು ಗಮನಿಸಿ ಚಪ್ಪಲಿ ಮೆಟ್ಟುತ್ತಿದ್ದ ಕಾಲನ್ನು ಹಾಗೇ ಹಿಡಿದು ನಿಂತೆ. ಮಾವನವರು ಹಗಲೆಲ್ಲ ಓಡಾಡುತ್ತೇನೆ ಎನ್ನುತ್ತಿದ್ದರು, ನಾವು ನಂಬುತ್ತಿದ್ದೆವು. ಗೋಡೆ ಬೇರೆಯೇ ಹೇಳುತ್ತಿತ್ತು. ಯಾರಿಗೂ ಹೇಳಲಿಲ್ಲ.

ಚಳಿ ಮುಗಿಯುವ ಹೊತ್ತಿಗೆ ಮನೆಗೆ ಗಾಲಿಕುರ್ಚಿ ಬಂತು. ಆಗಲೇ ಗೆಳೆಯರ ಫೋನೂ ಬಂತು, ಭಾನುವಾರ ಬರುತ್ತಾರಂತೆ. ಆ ದಿನ ಮಾವನವರು ಗಡ್ಡ ಮಾಡಿಸಿಕೊಂಡರು, ಇಸ್ತ್ರಿ ಮಾಡಿದ ಶರಟು ಕೇಳಿದರು. "ಅವನು ಬರೋ ಮುಂಚೆ ಸೋಫಾದ್ಮೇಲೆ ಕೂರಿಸ್ಬಿಡು. ಕುರ್ಚಿ ಬಾಲ್ಕನೀಲಿರ್ಲಿ," ಎಂದರು.

ಅವರು ತಯಾರಾಗುವಷ್ಟರಲ್ಲಿ ನಾನು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡೆ. ಬಾಲ್ಕನಿಯ ಕಂಬಿಯನ್ನು ಒಮ್ಮೆ ಸವರಿದೆ. ದಿಲ್ಲಿಯಲ್ಲಿ ಧೂಳಿಗೇನು ಬರವೇ. ಆ ಕೈಯನ್ನು ನಾಲ್ಕನೆಯ ಕುದುರೆಗೂ ಐದನೆಯದಕ್ಕೂ ಒತ್ತಿ, ಮತ್ತೆ ಮತ್ತೆ ಎಳೆದೆ. ಮುಚ್ಚುವುದು ಸೇರದವಳು ನಾನು, ಅಳು ಬರುತ್ತಿತ್ತು, ಆದರೂ ಎಳೆದೆ. ನಂತರ ಕೈ ತೊಳೆದು ಅವರನ್ನು ಕುರ್ಚಿಯಲ್ಲಿ ಕೂರಿಸಿ ಹಾಲ್ ಕಡೆಗೆ ತಳ್ಳಿಕೊಂಡು ಬಂದೆ.

ಕೊನೆಯ ಕುದುರೆಯ ಬಳಿ ಅವರು ಗಾಲಿಯ ಮೇಲೆ ಕೈಯಿಟ್ಟು ಕುರ್ಚಿ ನಿಲ್ಲಿಸಿದರು. ಕತ್ತೆತ್ತಿ ಕಲೆಯನ್ನು ನೋಡಿದರು, ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಇನ್ನೊಂಚೂರು ಮೇಲೆ ಹಚ್ಚಬೇಕಿತ್ತಮ್ಮ," ಎಂದರು ಮಾವ. "ನಾನು ನಿನಗಿಂತ ಎತ್ತರ."